ಸಹಾಯ ಬೇಕು: ಸ್ಟಾಲ್ನೇಕರ್ ಸರಿಯೋ, ಡೇವಿಡ್ ಲೂಯಿಸ್ ಸರಿಯೋ?

‘ಹೀಗಾಗಿದ್ದಿದ್ದರೆ ಹಾಗಾಗುತ್ತಿತ್ತು’ ಅನ್ನೋ ವಾಕ್ಯಗಳ ತರ್ಕದಲ್ಲಿ ಸಿಕ್ಕಿಕೊಂಡಿದ್ದೇನೆ. ಭಾಗಗಳು ನಿಜವೋ ಸುಳ್ಳೋ ಅನ್ನೋದರಿಂದಲೇ ಇಡೀ ವಾಕ್ಯವನ್ನು ತೀರ್ಮಾನಿಸುವ ಸತ್ಯಕೋಷ್ಟಕ ಇಲ್ಲಿ ಕೆಲಸಕ್ಕೆ ಬರಲ್ಲ. ‘ರೆ’ ಭಾಗ ಸುಳ್ಳಾದರೆ ಸಾಕು, ಇಡೀ ವಾಕ್ಯ ನಿಜ ಅಂದುಬಿಡುತ್ತದೆ. 1968ರಲ್ಲಿ ಸ್ಟಾಲ್ನೇಕರ್, 1973ರಲ್ಲಿ ಲೂಯಿಸ್, ಈ ಇಬ್ಬರು ತತ್ವಶಾಸ್ತ್ರಜ್ಞರೂ ಬೇರೆ ಸಾಧ್ಯ ಜಗತ್ತುಗಳನ್ನು ಕಲ್ಪಿಸಿಕೊಂಡು, ‘ರೆ’ ಭಾಗ ನಿಜವಾಗಿರುವವುಗಳಲ್ಲಿ ನಮ್ಮ ಜಗತ್ತಿಗೆ ತೀರಾ ಹತ್ತಿರದ, ಅಂದರೆ ಹೆಚ್ಚು ಹೋಲುವ ಜಗತ್ತನ್ನು ನೋಡಿ, ಅಲ್ಲಿ ಉಳಿದ ಭಾಗವೂ ನಿಜವಾದರೆ ವಾಕ್ಯ ನಿಜ ಅಂತಾರೆ. ಅಲ್ಲಿವರೆಗೆ ಸರಿ.

ಇನ್ನೊಬ್ಬ ತತ್ವಶಾಸ್ತ್ರಜ್ಞ ಕ್ವೈನ್ ಕೊಟ್ಟ ಉದಾಹರಣೆ ನೋಡಿ. ಸಂಗೀತ ಸಂಯೋಜಕರಲ್ಲಿ ಬಿಝೆ ಫ್ರಾನ್ಸಿನವರು, ವೆರ್ಡಿ ಇಟಲಿಯವರು. ಇಬ್ಬರೂ ಒಂದೇ ದೇಶದವರಾಗಿದ್ದಿದ್ದರೆ ಬಿಝೆ ಇಟಲಿಯವರಾಗಿರುತ್ತಿದ್ದರೋ, ಇಲ್ಲವೋ? ಇಬ್ಬರೂ ಇಟಲಿಯವರಾದ ಜಗತ್ತು, ಇಬ್ಬರೂ ಫ್ರಾನ್ಸಿನವರಾದ ಜಗತ್ತು, ಎರಡೂ ನಮಗೆ ಅಷ್ಟೇ ಹತ್ತಿರ. ಹಾಗಾಗಿ ‘ಇಟಲಿಯವರಾಗಿರುತ್ತಿದ್ದರು’, ‘ಇಟಲಿಯವರಾಗಿರುತ್ತಿರಲಿಲ್ಲ’, ಲೂಯಿಸ್ ಪ್ರಕಾರ ಎರಡೂ ಸುಳ್ಳು. ಸ್ಟಾಲ್ನೇಕರ್ ಪ್ರಕಾರ ಎರಡರಲ್ಲೊಂದು ನಿಜವೇ, ಯಾವುದು ಅನ್ನೋದು ಮಾತ್ರ ನಿಗದಿಯಿಲ್ಲ. ಇಬ್ಬರ ಬರಹಗಳನ್ನೂ ಓದಿದೆ, ಜಗತ್ತುಗಳ ಚಿತ್ರ ಬರೆದೂ ನೋಡಿದೆ. ಲೂಯಿಸ್ ಮಾತೇ ಸಹಜ ಅನಿಸುತ್ತೆ. ಆದರೆ ‘ಟಾಸ್ ಹಾಕಿದ್ದಿದ್ದರೆ ಹೆಡ್ ಬೀಳುತ್ತಿತ್ತು’ ಅಂದರೆ ಯಾರೂ ಖಂಡಿತ ಸುಳ್ಳು ಅನ್ನಲ್ಲ, ಅಲ್ವಾ?

ಹಾಗಾದರೆ ಹತ್ತಿರದ ಜಗತ್ತುಗಳು ಸರಿಸಮವಾಗಿದ್ದಾಗ, ಎರಡರಲ್ಲೊಂದು ನಿಜ ಅನ್ನಲು ಇರುವ ಗಟ್ಟಿ ಕಾರಣ ಯಾವುದು?