ಅಪ್‌ಡೇಟ್: ಹಳೇ ಸಿಟಿನಾ, ಹೊಸ ಬ್ರೆಝಾನಾ?

2014ರ ಹೋಂಡಾ ಸಿಟಿ ಕಾರು ಕೊಟ್ಟು ಹೊಸ ಮಾರುತಿ ಬ್ರೆಝಾ ತಗೊಳ್ಳಲಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಬ್ರೆಝಾ ಬುಕ್ ಮಾಡಿದೆ.

ತೀರ್ಮಾನ ಆಗಿದ್ದು ಅಮ್ಮನ ಮಂಡಿನೋವಿನಿಂದ. ಟೆಸ್ಟ್ ಡ್ರೈವ್‌ಗೆ ಅವರನ್ನೂ ಕರೆದುಕೊಂಡು ಹೋಗಿದ್ದೆ. ಸಿಟಿಯಲ್ಲಾದರೆ ಬಾಗಿಲು ಹಿಡಿದು, ಮೈ ಬಗ್ಗಿಸಿ ಮೆಲ್ಲಗೆ ಕೂರಬೇಕು. ಇದರ ಸೀಟು ಎತ್ತರ, ಸೀದಾ ಕೂತುಬಿಟ್ಟರು! ತೋಟದ ಮಣ್ಣು ರಸ್ತೆಗೂ ಇದೇ ಸರಿ. ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ತಳಕ್ಕಿರುವ ಎತ್ತರ) 198 ಮಿ.ಮೀ., ಸಿಟಿಯದ್ದು 165.

ಆದರೆ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಸಿಟಿ ನೆಲಕ್ಕೆ ಅಂಟಿಕೊಂಡು ಹೋಗುವ ಖುಷಿಯೇ ಬೇರೆ. ಎತ್ತರದ ಗಾಡಿ ಸ್ವಲ್ಪ ಜಾಸ್ತಿ ವಾಲುತ್ತೆ, ಅಲ್ವಾ? ಡಿಕ್ಕಿ ಜಾಗವೂ 510 ಲೀಟರ್‌ನಿಂದ 328ಕ್ಕೆ ಇಳಿಯುತ್ತೆ. ಹಬ್ಬಕ್ಕೆ ಊರಿಗೆ ಹೋಗುವವರು ಇದನ್ನು ಮೊದಲೇ ನೋಡಿಕೊಳ್ಳಿ.

ಸಿಟಿಯನ್ನು ಮಾರುತ್ತಿಲ್ಲ. ತಮ್ಮ ಇಟ್ಟುಕೊಳ್ಳುತ್ತಾನೆ.