ಸಹಾಯ ಬೇಕು: ಮ್ಯೂನಿಕ್‌ನಲ್ಲಿ ಒಂದೂವರೆ ವರ್ಷಕ್ಕೆ ಬಾಡಿಗೆ ಮನೆ

ಎಲ್ಲರಿಗೂ ನಮಸ್ಕಾರ. ಕಂಪನಿ ಕೆಲಸದ ಮೇಲೆ ಬೆಂಗಳೂರಿನಿಂದ ಈಗಷ್ಟೇ ಬಂದಿದ್ದೇನೆ. ವೀಸಾ ಇರುವುದು ಒಂದೂವರೆ ವರ್ಷಕ್ಕೆ ಮಾತ್ರ. ಆಫೀಸು ಮ್ಯೂನಿಕ್ ಪಕ್ಕದ ಗಾರ್ಶಿಂಗ್‌ನಲ್ಲಿ. ಕಂಪನಿ ಕೊಟ್ಟ ಸರ್ವಿಸ್ ಅಪಾರ್ಟ್‌ಮೆಂಟ್ ಈ ತಿಂಗಳ ಕೊನೆಯವರೆಗೆ. ಆಮೇಲೆ ಹೆಂಡತಿ, ಮಗಳೂ ಬರುತ್ತಾರೆ.

ಮಾಲೀಕರು ಮೊದಲು ಕೇಳುವುದೇ ಶೂಫಾ ರಿಪೋರ್ಟ್, ಅಂದರೆ ನಮ್ಮ ಸಿಬಿಲ್ ಥರದ ಕ್ರೆಡಿಟ್ ರಿಪೋರ್ಟ್. ಹೊಸದಾಗಿ ಬಂದವನಿಗೆ ಇಲ್ಲಿನ ಸಾಲ, ಬಿಲ್ಲುಗಳ ದಾಖಲೆ ಎಲ್ಲಿಂದ ಬರಬೇಕು? ನನ್ನ ಹತ್ತಿರ ಇರುವುದು ಬೆಂಗಳೂರಿನ ಸ್ಯಾಲರಿ ಸ್ಲಿಪ್ಪು, ಕಂಪನಿ ಪತ್ರ ಅಷ್ಟೇ. ಇದಕ್ಕೆ ಒಪ್ಪಿದ ಮಾಲೀಕರು ಯಾರಿಗಾದರೂ ಸಿಕ್ಕಿದ್ದಾರಾ?

ಡಿಪಾಸಿಟ್ ತೊಂದರೆಯಿಲ್ಲ. ಹೀಟಿಂಗ್ ಖರ್ಚು ಬಿಟ್ಟು ಬರೀ ಬಾಡಿಗೆಯ ಮೂರು ತಿಂಗಳಿಗಿಂತ ಜಾಸ್ತಿ ಕೇಳುವ ಹಾಗಿಲ್ಲ ಎಂದು ಇಲ್ಲಿ ಕಾನೂನೇ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದೇನು ಮಹಾ, ಅಲ್ವಾ! ಆದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎಂದರೆ ಖಾಲಿ ಗೋಡೆ. ಸ್ಟವ್, ಸಿಂಕ್ ಕೂಡ ನಾವೇ ಹಾಕಿಸಬೇಕು. ಒಂದೂವರೆ ವರ್ಷಕ್ಕೆ ಅದೆಲ್ಲ ಯಾಕೆ? ಹಾಗಾಗಿ ಫರ್ನಿಶ್ಡ್ ಮನೆಯೇ ಬೇಕು.

ಮುಖ್ಯವಾಗಿ, ಆನ್‌ಮೆಲ್ಡುಂಗ್‌ಗೆ (ವಿಳಾಸ ನೋಂದಣಿಗೆ) ಮಾಲೀಕರು ಸಹಿ ಮಾಡಿ ಪತ್ರ ಕೊಡಬೇಕು. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕಲ್ಲ. ಒಬ್ಬರು ಮನೆ ಕೊಡುತ್ತೇನೆ, ಪತ್ರ ಮಾತ್ರ ಕೊಡಲ್ಲ ಎಂದರು. ಅಂಥದ್ದು ಬೇಡ. ಇನ್ನೊಬ್ಬರು ತಾನು ಲಂಡನ್‌ನಲ್ಲಿದ್ದೇನೆ, ದುಡ್ಡು ಹಾಕಿದರೆ ಕೀಲಿ ಪೋಸ್ಟಿನಲ್ಲಿ ಕಳಿಸುತ್ತೇನೆ ಎಂದರು. ನಮಸ್ಕಾರ ಹೇಳಿ ಸುಮ್ಮನಾದೆ.

ಯು6 ಮೆಟ್ರೋ ದಾರಿಯಲ್ಲಿದ್ದರೆ ಅನುಕೂಲ. ಎಲ್ಲಾ ಸೇರಿ 1,600 ಯೂರೋವರೆಗೆ ಕೊಡಬಲ್ಲೆ. ನಿಮ್ಮಲ್ಲಿ ಯಾರಾದರೂ ಊರಿಗೆ ವಾಪಸ್ ಹೋಗುತ್ತಾ ಮನೆ ಖಾಲಿ ಮಾಡುತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಒಗ್ಗರಣೆ ವಾಸನೆಗೆ ಗೊಣಗದ ಮಾಲೀಕರಾದರೆ ಇನ್ನೂ ಒಳ್ಳೆಯದು.