ಕೆನಡಾದಲ್ಲಿ ಮೂಸ್ ನೋಡ್ಲಿಕ್ಕೆ ಯಾವ ತಿಂಗಳು ಹೋಗುದು? ಅಪ್ಪನೂ ಒಟ್ಟಿಗೆ ಇದ್ದಾರೆ

ಬದಿಯಡ್ಕದ ತೋಟದವ:

ನಮಸ್ಕಾರ ಎಲ್ರಿಗೂ. ಅಕ್ಕ ಭಾವ ಟೊರೊಂಟೊದಲ್ಲಿದ್ದಾರೆ, ಬನ್ನಿ ಬನ್ನಿ ಅಂತ ಕರೀತಾ ಇದ್ದಾರೆ. ಅಪ್ಪನಿಗೆ ಎಪ್ಪತ್ತು ದಾಟಿತು, ಯೂಟ್ಯೂಬಲ್ಲಿ ಮೂಸ್ ವಿಡಿಯೋ ನೋಡಿ ನೋಡಿ ಅದೇ ಹುಚ್ಚು ಈಗ. ನಯಾಗರ ಬೇಡ ಅಂತೆ, ಝೂ ಅಂತೂ ಬೇಡವೇ ಬೇಡ, ಆ ಅಗಲ ಕೊಂಬಿನ ದೊಡ್ಡ ಜಿಂಕೆ ಜಾತಿಯ ಪ್ರಾಣಿ ಕಾಡಲ್ಲೇ ಕಾಣಬೇಕಂತೆ. ಅಕ್ಕ ಹೇಳ್ತಾಳೆ ಡಿಸೆಂಬರಲ್ಲಿ ಬನ್ನಿ ನಮಗೂ ರಜೆ, ಹಿಮವೂ ನೋಡಿದ ಹಾಗಾಯ್ತು ಅಂತ. ನನಗೆ ಆಗ ಅಡಿಕೆ ಕೊಯ್ಲು. ಭಾವ ಹೇಳುದು ಮೇ-ಜೂನ್ ಬೆಸ್ಟ್ ಅಂತ, ಆದ್ರೆ ಅದು ಇಲ್ಲಿ ಅಡಿಕೆಗೆ ಮದ್ದು ಬಿಡುವ ಸಮಯ, ಮದ್ದು ಬಿಡುವವರು ಸಿಗುದೇ ಕಷ್ಟ, ಅವರು ಬರ್ತೇನೆ ಅಂದ ದಿನ ನಾವು ಊರಲ್ಲಿ ಇಲ್ಲದಿದ್ರೆ ಆಮೇಲೆ ಕೊಳೆರೋಗ ಬಂದು ಉದುರಿದ ಕಾಯಿ ಹೆಕ್ಕುದೇ ಕೆಲಸ.

ಅಪ್ಪನಿಗೆ ಮೊಣಗಂಟು ನೋವು ಉಂಟು, ಜಾಸ್ತಿ ನಡೀಲಿಕ್ಕೆ ಆಗುದಿಲ್ಲ. ಮುಳ್ಳೇರಿಯ ಕಡೆ ಆನೆ, ಕಾಟಿ (ಕಾಡುಕೋಣ) ಎಲ್ಲ ಬರುದು ನೋಡಿದವರು, ಹಾಗಾಗಿ ಹೆದರಿಕೆ ಅಂತ ಇಲ್ಲ, ನನಗೆ ಹೆದರಿಕೆ ಅದೇ. ಯಾವಾಗ ಹೋಗುದು, ಎಲ್ಲಿಗೆ ಹೋಗುದು, ಗೊತ್ತಿದ್ದವರು ಹೇಳಿ ಮಾರಾಯ್ರೆ.

ಕುಂಬ್ಳೆಯವ ಈಗ ಮಿಸಿಸಾಗ:

ಮೊದ್ಲು ಡಿಸೆಂಬರ್ ತಲೆಯಿಂದ ತೆಗೀರಿ. ದೊಡ್ಡ ಗಂಡು ಮೂಸ್‌ಗಳು ಡಿಸೆಂಬರ್ ಹೊತ್ತಿಗೆ ಕೊಂಬು ಉದುರಿಸ್ಲಿಕ್ಕೆ ಶುರು ಮಾಡ್ತವೆ. ನಿಮ್ಮ ಅಪ್ಪ ಅಷ್ಟು ದೂರ ಬಂದು ಬೋಳು ತಲೆ ನೋಡಿ ಹೋದ ಹಾಗೆ ಆಗ್ತದೆ. ವರ್ಷ ವರ್ಷ ಹಳೇದು ಬೀಳುದು, ವಸಂತದಲ್ಲಿ ಹೊಸತು ಚಿಗುರುದು, ಬೇಸಿಗೆ ಇಡೀ ಅದರ ಮೇಲೆ ಮೆತ್ತಗಿನ ರೋಮದ ಚರ್ಮ ಇರ್ತದೆ, ಆಗಸ್ಟ್ ಕೊನೆ ಸೆಪ್ಟೆಂಬರ್ ಹೊತ್ತಿಗೆ ಮರಕ್ಕೆ ತಿಕ್ಕಿ ತಿಕ್ಕಿ ಆ ಚರ್ಮ ಕಿತ್ತು ಹಾಕ್ತವೆ.

ಟೊರೊಂಟೊದಿಂದ ಹೋಗುದಾದ್ರೆ ಆಲ್ಗೊಂಕ್ವಿನ್ ಪಾರ್ಕೇ ಸರಿ, ಕಾರಲ್ಲಿ ಮೂರು ಗಂಟೆ ಚಿಲ್ಲರೆ. ಹೈವೇ 60 ಪಾರ್ಕಿನ ಒಳಗೇ 56 ಕಿ.ಮೀ. ಹೋಗ್ತದೆ. ಭಾವ ಹೇಳಿದ್ದು ತಪ್ಪಲ್ಲ, ಬರೀ ಮೂಸ್ ಕಂಡರೆ ಸಾಕು ಅಂತಾದ್ರೆ ಮೇ ಮಧ್ಯದಿಂದ ಜೂನ್ ವರೆಗೆ ಬೆಸ್ಟ್. ಯಾಕೆ ಅಂದ್ರೆ ಚಳಿಗಾಲ ಇಡೀ ಅವು ತಿನ್ನುದು ಒಣ ಕಡ್ಡಿ ತೊಗಟೆ, ಅದರಲ್ಲಿ ಉಪ್ಪಿನಂಶ ಇಲ್ಲವೇ ಇಲ್ಲ ಅನ್ನುವಷ್ಟು. ರೋಡಲ್ಲಿ ಹಿಮ ಕರಗ್ಲಿಕ್ಕೆ ಹಾಕಿದ ಉಪ್ಪು ನೀರಿನ ಒಟ್ಟಿಗೆ ಬದಿಯ ಚರಂಡಿಗೆ ಇಳಿದು ನಿಂತಿರ್ತದೆ, ಅದನ್ನು ಕುಡೀಲಿಕ್ಕೆ ಬರ್ತವೆ. ಕಾರಿಂದ ಇಳಿಯದೆ ನೋಡ್ಬಹುದು. ಜೂನ್ ಕಳೀತಾ ಕೆರೆಯಲ್ಲಿ ನೀರುಗಿಡ ಚಿಗುರಿದ ಮೇಲೆ ಉಪ್ಪು ಅಲ್ಲೇ ಸಿಗ್ತದೆ, ರೋಡಿಗೆ ಬರುದು ಕಮ್ಮಿ. ಆದ್ರೆ ಮೇ-ಜೂನಲ್ಲಿ ಬ್ಲ್ಯಾಕ್ ಫ್ಲೈ ಅಂತ ಒಂದು ಸಣ್ಣ ನೊಣ, ಕೂದಲಿನ ಬುಡಕ್ಕೆ ಹೋಗಿ ಕಚ್ಚುದು, ರಕ್ತ ಬರುದು ಗೊತ್ತೇ ಆಗುದಿಲ್ಲ. ಅದರ ಹಿಂದಿಂದೆ ಸೊಳ್ಳೆ. ತಲೆಗೆ ಬಲೆ ಇರುವ ಟೊಪ್ಪಿ ಬೇಕೇ ಬೇಕು.

ಅಪ್ಪನಿಗೆ ಕೊಂಬೇ ಮುಖ್ಯ, ನಿಮಗೆ ಮದ್ದೂ ಮುಖ್ಯ ಅಂತಾದ್ರೆ ಸೆಪ್ಟೆಂಬರ್ ಕೊನೆ. ಮದ್ದು ಮುಗಿದಿರ್ತದೆ, ಕೊಯ್ಲು ಶುರುವಾಗಿರುದಿಲ್ಲ. ಅಲ್ಲಿ ಅದು ಬೆದೆಯ ಕಾಲ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದ ತನಕ, ಗಂಡುಗಳು ಹೆಣ್ಣು ಹುಡುಕಿ ತಿರುಗ್ತಾ ಇರ್ತವೆ. ನೊಣ ಸೊಳ್ಳೆ ಕಾಟ ಇಲ್ಲ. ರೋಡ್ ಬದಿಯಲ್ಲಿ ಮೇ ತಿಂಗಳಷ್ಟು ಕಾಣುದಿಲ್ಲ, ಅದು ಒಪ್ಪಿಕೊಂಡೇ ಬರ್ಬೇಕು.

ಅಕ್ಕಲಕೋಟ ಮಂದಿ:

ನಮಸ್ಕಾರ್ರಿ. ನಾ ಬೋಸ್ಟನ್ ಕಡೆ ಇರ್ತೀನಿ, ಮೂಸ್ ನೋಡಾಕ ಮೇನ್ ರಾಜ್ಯಕ್ಕ ಹೋಗ್ತೀವಿ, ಮೂಸ್‌ಹೆಡ್ ಲೇಕ್, ಬ್ಯಾಕ್ಸ್ಟರ್ ಪಾರ್ಕ್ ಆ ಕಡೆ. ನಿಮಗ ಅದಕ್ಕ ಅಮೆರಿಕಾ ವೀಸಾ ಬ್ಯಾರೇ ಬೇಕಾಗ್ತೈತಿ, ಅದರ ಗೊಡವಿ ಬ್ಯಾಡ. ನಾ ಹೇಳೂದು ರೋಡಿಂದು, ಅದನ್ನಷ್ಟ ಲಕ್ಷ್ಯಗೊಟ್ಟು ಕೇಳ್ರಿ.

ಕತ್ತಲಾದ ಮ್ಯಾಲ ಆ ಹೈವೇ ಮ್ಯಾಲ ಗಾಡಿ ಹೊಡೀಬ್ಯಾಡ್ರಿ. ಬ್ಯಾರೆ ಜಿಂಕಿ ಆದ್ರ ಹೆಡ್‌ಲೈಟಿಗೆ ಕಣ್ಣು ಹೊಳೀತಾವ, ಮೂಸ್ ಕಣ್ಣು ಲೈಟಿನಕಿಂತ ಮ್ಯಾಲ ಇರ್ತಾವ, ಮೈ ಅಂದ್ರ ಕರ‍್ರಗ, ಮುಂದ ಬಂದು ನಿಂತ್ರೂ ಕಾಣಂಗಿಲ್ಲ. ಕಾಲು ಎಷ್ಟು ಉದ್ದ ಅಂದ್ರ ಕಾರು ಬಡಿಯೂದು ಕಾಲಿಗೆ, ಇಡೀ ದೇಹ ಬಂದು ಬೀಳೂದು ಕಾಚಿನ ಮ್ಯಾಲ ನಿಮ್ಮ ಎದಿಗೆ. ಒಂದ ದಿನದಾಗ ಹೋಗಿ ಬರ್ತೀವಿ ಅನಬ್ಯಾಡ್ರಿ, ಅಲ್ಲೇ ಹತ್ರ ರಾತ್ರಿ ಇರ್ರಿ. ಅವು ಕಾಣೂದೂ ನಸುಕಿನಾಗ ಮತ್ತ ಸಂಜಿ ಮುಂದ. ಬಿಸಲು ತಡಿಯೂ ಪ್ರಾಣಿ ಅಲ್ಲ ಅದು, ನಮಗ ಥಂಡಿ ಅನಿಸೂ ಹವಾದಾಗೂ ಅದಕ್ಕ ಸೆಖಿ ಆಗ್ತೈತಿ, ನಡು ಮಧ್ಯಾಹ್ನ ನೆಳ್ಳಾಗ ಮಲಗಿಬಿಡ್ತಾವ.

ಒಮ್ಮೆ ಕೆರಿ ದಂಡಿಗೆ ನಿಂತಿದ್ವಿ. ನೀರಾಗ ಬರೇ ಒಂದು ಡುಬ್ಬ ಕಾಣ್ತಿತ್ತು, ತಲಿ ಪೂರಾ ಮುಳುಗಿಸಿತ್ತು. ಭಾಳ ಹೊತ್ತಿನ ಮ್ಯಾಲ ತಲಿ ಎತ್ತಿತು ನೋಡ್ರಿ, ಕೊಂಬಿನಾಗ ಬಳ್ಳಿ ಜೋತುಬಿದ್ದಾವ, ಎರಡೂ ಕಡಿಂದ ನೀರು ಸುರೀತೈತಿ, ಇದು ಆರಾಮಾಗಿ ಕಚಕಚ ಅಗೀಲಿಕತ್ತೈತಿ, ನಮ್ಮ ಕಡೆ ನೋಡಲೂ ಇಲ್ಲ. ಮನಿಯವ್ರು ಫೋಟೋ ತಗಿಯೂದನ್ನ ಮರ್ತು ನಿಂತಿದ್ರು.

ಬದಿಯಡ್ಕದ ತೋಟದವ:

ಆ ತಲೆ ಎತ್ತಿದ್ದನ್ನು ಅಪ್ಪನಿಗೆ ಓದಿ ಹೇಳಿದೆ, ಟಿಕೆಟ್ ಯಾವಾಗ ಮಾಡ್ತಿ ಅಂತ ಕೇಳಿದ್ರು. ಕಾಟಿಗಿಂತ ದೊಡ್ಡದಾ ಅಂತಲೂ ಕೇಳ್ತಿದ್ದಾರೆ.

ಹೊಸೂರು ಹುಡುಗಿ:

ನ್ಯೂಫೌಂಡ್‌ಲ್ಯಾಂಡ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ, ನಾನು ಇಲ್ಲೇ ಓದ್ತಿರೋದು. ಈ ದ್ವೀಪದಲ್ಲಿ ಮೂಸ್ ಇರಲೇ ಇಲ್ಲ, 1904ರಲ್ಲಿ ನ್ಯೂ ಬ್ರನ್ಸ್‌ವಿಕ್‌ನಿಂದ ನಾಲ್ಕು ತಂದು ಬಿಟ್ರು, ಈಗ ಲಕ್ಷದ ಲೆಕ್ಕದಲ್ಲಿವೆ. ತಿನ್ನೋಕೆ ತೋಳನೂ ಇಲ್ಲ, ಇದ್ದ ತೋಳಗಳು ಎಷ್ಟೋ ವರ್ಷದ ಹಿಂದೆನೇ ನಾಶ ಆಗೋದ್ವು. ಗ್ರೋಸ್ ಮೋರ್ನ್ ಪಾರ್ಕಲ್ಲಿ ಎಳೆ ಸಸಿ ಎಲ್ಲಾ ತಿಂದು ಕಾಡೇ ಬೆಳೀದೆ ಇರೋ ಹಾಗೆ ಮಾಡಿಬಿಟ್ಟಿವೆ. ಕಾಣೋ ಚಾನ್ಸ್ ತುಂಬಾ ಚೆನ್ನಾಗಿದೆ, ಆದ್ರೆ ಟೊರೊಂಟೊದಿಂದ ಮತ್ತೆ ವಿಮಾನ, ಮತ್ತೆ ಕಾರು ಬಾಡಿಗೆ, ಖರ್ಚು ಏರುತ್ತೆ. ನನ್ನ ಕೇಳಿದ್ರೆ ದುಡ್ಡಿಗೆ ಮೋಸ ಇಲ್ಲ.

ಅಂಕಲ್‌ಗೆ ಹೇಳಿ, ಕಿವಿ ಹಿಂದಕ್ಕೆ ಮಡಚಿ ಬೆನ್ನಿನ ಕೂದಲು ನಿಮಿರಿಸಿದ್ರೆ ಅದಕ್ಕೆ ಸಿಟ್ಟು ಬಂದಿದೆ ಅಂತ. ಆಗ ಧೈರ್ಯ ತೋರಿಸ್ಕೊಂಡು ನಿಲ್ಲಬಾರದು, ದೊಡ್ಡ ಮರದ ಹಿಂದೆನೋ ಕಾರೊಳಗೋ ಹೋಗಿಬಿಡ್ಬೇಕು. ಮರಿ ಜೊತೆ ಇರೋ ತಾಯಿ ಹತ್ರ ಅಂತೂ ಸುಳೀಲೇಬಾರದು.

ಕುಂಬ್ಳೆಯವ ಈಗ ಮಿಸಿಸಾಗ:

ಕಾಟಿ ವಿಷಯ: ಭಾರದಲ್ಲಿ ನಮ್ಮ ಕಾಟಿಯೇ ಮುಂದೆ, ದೊಡ್ಡ ಗಂಡು 900 ಕೆ.ಜಿ. ಮೇಲೆ ಹೋಗ್ತದೆ. ಇಲ್ಲಿಯ ಗಂಡು ಮೂಸ್ ಸಾಧಾರಣ 450-500. ಅಲಾಸ್ಕದ್ದು ಬೇರೆಯೇ ಉಪಜಾತಿ, 700ರ ಹತ್ರ. ಆದ್ರೆ ಕಾಲಿನ ಉದ್ದದಿಂದಾಗಿ ಹೆಗಲೇ ಆರಡಿ ಮೇಲೆ ಇರ್ತದೆ, ಅಪ್ಪ ತಲೆ ಎತ್ತಿಯೇ ನೋಡ್ಬೇಕು.

ನ್ಯೂಫೌಂಡ್‌ಲ್ಯಾಂಡ್ ಒಳ್ಳೇದೇ, ಆದ್ರೆ ಮೊಣಗಂಟು ನೋವಿನವರಿಗೆ ಅಷ್ಟು ಓಡಾಟ ನಾನಾದ್ರೆ ಕೊಡ್ತಿರಲಿಲ್ಲ. ಆಲ್ಗೊಂಕ್ವಿನಲ್ಲಿ ಮಿಜ್ಜಿ ಲೇಕ್ ಟ್ರೇಲ್ ಅಂತ ಎಲ್ರೂ ಹೇಳ್ತಾರೆ, ಅದು ಹತ್ತು ಕಿ.ಮೀ. ಮೇಲೆ ನಡಿಗೆ, ಬಿಟ್ಟುಬಿಡಿ. ಬೆಳಿಗ್ಗೆ ಬೇಗ ಒಪಿಯೊಂಗೋ ರೋಡಲ್ಲಿ ನಿಧಾನ ಕಾರು ಬಿಡಿ, ಬದಿಯಲ್ಲೇ ಜೌಗು, ಕೂತಲ್ಲಿಂದಲೇ ಕಾಣ್ತದೆ, ಅದೃಷ್ಟ ಇದ್ರೆ. ಗ್ಯಾರಂಟಿ ತೋರಿಸ್ತೇವೆ ಅನ್ನುವವರಿಗೆ ದುಡ್ಡು ಕೊಡ್ಬೇಡಿ. ಎರಡು ರಾತ್ರಿ ಇಟ್ಟುಕೊಳ್ಳಿ, ಒಂದು ಬೆಳಿಗ್ಗೆ ಮಿಸ್ ಆದ್ರೂ ಇನ್ನೊಂದು ಇರ್ತದೆ.

ಬದಿಯಡ್ಕದ ತೋಟದವ:

ಸೆಪ್ಟೆಂಬರ್ ಕೊನೆಯೇ ಮಾಡ್ತೇವೆ. ಅಕ್ಕನ ಹತ್ರ ಹೇಳಿ ಆಯ್ತು, ಹಿಮ ಇಲ್ಲದೆ ಎಂತ ಕೆನಡಾ ಅಂತ ಸ್ವಲ್ಪ ಬೇಜಾರು ಅವಳಿಗೆ. ಉಳಿಯುದು ಎಲ್ಲಿ?

ಕುಂಬ್ಳೆಯವ ಈಗ ಮಿಸಿಸಾಗ:

ಪೂರ್ವದ ಗೇಟಿನ ಹೊರಗೆ ವಿಟ್ನಿ, ಒಪಿಯೊಂಗೋ ರೋಡಿಗೆ ಅದೇ ಹತ್ರ. ಪಶ್ಚಿಮಕ್ಕೆ ಹಂಟ್ಸ್‌ವಿಲ್, ಅಂಗಡಿ ಹೋಟೆಲ್ ಎಲ್ಲ ಜಾಸ್ತಿ ಆದ್ರೆ ಪಾರ್ಕಿಗೆ ದೂರ. ಒಂದು ವಿಷಯ, ಅದೇ ಸಮಯದಲ್ಲಿ ಮೇಪಲ್ ಎಲೆ ಕೆಂಪಾಗುದು ನೋಡ್ಲಿಕ್ಕೆ ಇಡೀ ಟೊರೊಂಟೊ ಅಲ್ಲಿಗೆ ಬರ್ತದೆ. ಶನಿವಾರ ಭಾನುವಾರ ಬೇಡ, ಮಂಗಳವಾರ ಬುಧವಾರ ಹಾಗೆ ನೋಡಿ. ಕಾರಿನ ದಿನದ ಪರ್ಮಿಟ್ ಆನ್‌ಲೈನಲ್ಲಿ ಮೊದಲೇ ಮಾಡ್ಬೇಕು, ಭಾವನಿಗೆ ಹೇಳಿಡಿ. ವೀಸಾಕ್ಕೆ ಈಗಲೇ ಹಾಕಿ, ಬಯೋಮೆಟ್ರಿಕ್ ಕೊಡ್ಲಿಕ್ಕೆ ಅಪ್ಪನನ್ನೂ ಕರ್ಕೊಂಡು ಹೋಗ್ಬೇಕಾಗ್ತದೆ. ವೀಸಾ ಕೈಗೆ ಬರುವ ಮೊದಲು ಟಿಕೆಟ್ ಮಾಡ್ಬೇಡಿ, ಅಪ್ಪ ಎಷ್ಟು ಒತ್ತಾಯ ಮಾಡಿದ್ರೂ.